ಒರೆಸಿದ ಅರ್ಧ ಹಲಗೆ

ಅವನು ಸಿಟ್ಟಾದರೆ... ಮುಂದೆ ಮಾತೇ ಆಡದಿದ್ದರೆ?

ಇದೊಂದೇ ಭಯ ಅವಳಿಗೆ. ಖಾಲಿ ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತವಳಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ.

ಇತಿಹಾಸದ ಮೇಡಂ ಪದ್ಧತಿಯೇ ಹಾಗೆ. ಪ್ರಬಂಧಕ್ಕೆ ಇಬ್ಬರನ್ನು ಜೋಡಿ ಮಾಡಿ ಎದುರಾಳಿಗಳಾಗಿಸುತ್ತಾರೆ. ಬರೆಯುವ ಮೊದಲು ಇಬ್ಬರ ವಾದವೂ ಹಲಗೆಯ ಮೇಲೆ ಎದುರುಬದುರಾಗಿ ನಿಲ್ಲಬೇಕು. ಈ ಸಲದ ಪ್ರಶ್ನೆ: ಐರ್ಲೆಂಡಿನ ರಾಷ್ಟ್ರೀಯತೆಯನ್ನು ಬೆಳೆಸಿದ್ದು ಹಿಂಸೆಯೇ?

'ಹೌದು' ಅವಳ ಜೋಡಿಯಾಗಿದ್ದ ಅವನ ಪಾಲು. ಸಹಪಾಠಿಗಳೆಲ್ಲ ಅವನನ್ನು ಕರೆಯುವುದು 'ಲಾಯರ್' ಎಂದು. ವಾದಕ್ಕಿಳಿದರೆ ಊಟ ಮರೆಯುವ ಹುಡುಗ!

'ಅಲ್ಲ' ಅವಳ ಪಾಲು. ಹಲಗೆಯ ಬಲಭಾಗದಲ್ಲಿ ಅವಳು ಬರೆದದ್ದು ಎಷ್ಟು ಗಟ್ಟಿಯಾಗಿತ್ತೆಂದರೆ, ಅದರ ಪಕ್ಕದಲ್ಲಿ ಅವನದು ಪೇಲವವಾಗಿ ಕಾಣುತ್ತಿತ್ತು. ಮೇಡಂ ಎಲ್ಲರೆದುರು ಅವನನ್ನು ಝಾಡಿಸುವುದು ಖಂಡಿತ.

ಪಾಪ... ಆ ಮುಖ ಬಾಡುವುದನ್ನು ನಾನು ಹೇಗೆ ನೋಡಲಿ?

ಡಸ್ಟರ್ ಎತ್ತಿಕೊಂಡವಳೇ ತನ್ನ ಅರ್ಧವನ್ನು ಒರೆಸಿಯೇಬಿಟ್ಟಳು.

"ಏನ್ರೀ ಮಾಡ್ತಿದ್ದೀರಾ?"

ಬಾಗಿಲಲ್ಲಿ ಅವನೇ!

"ನೀವು ಹೇಳೋದೇ ಸರಿ ಅನ್ನಿಸ್ತು..."

"ನಿನ್ನೆವರೆಗೂ ಅನ್ನಿಸದೇ ಇದ್ದಿದ್ದು ಇವತ್ತು ಅನ್ನಿಸ್ತಾ? ಬೇಗ ಮುಗಿಸಿ ನನ್ನಿಂದ ಕೈತೊಳ್ಕೋಬೇಕು, ಅಷ್ಟೇ ತಾನೇ?"

ಅಲ್ಲ! ಅಲ್ಲವೇ ಅಲ್ಲ! ಆದರೆ ಅವಳು ಡಸ್ಟರನ್ನು ಮೇಜಿನ ಮೇಲಿಟ್ಟಳಷ್ಟೇ.

"ನನ್ನ ಮಾತು ಕಿವಿಗೊಟ್ಟು ಕೇಳೋರು ನೀವೊಬ್ರೇ ಅಂದ್ಕೊಂಡಿದ್ದೆ. ಗೋಡೆ ಜೊತೆ ವಾದ ಮಾಡೋಕೆ ನನಗೆ ಬರಲ್ಲ. ಬೇರೆ ಜೋಡಿ ಕೊಡಿ ಅಂತ ಮೇಡಂಗೆ ಹೇಳ್ತೀನಿ."

ಬಿರಬಿರನೆ ಹೊರಟೇಹೋದ.

ಹೋಗಲಿ ಬಿಡು, ಎಂದಿತು ಮನಸ್ಸು. ಕಾಲು ಕೇಳಬೇಕಲ್ಲ! ಕಾರಿಡಾರಿನುದ್ದಕ್ಕೂ ಓಡಿದಳು.

ಸ್ಟಾಫ್ ರೂಮಿನಲ್ಲಿ ಅವನು ಆಗಲೇ ಮೇಡಂ ಎದುರು ನಿಂತಿದ್ದ. ಮೇಡಂ ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತಿದರು. "ಏನಮ್ಮಾ, ಲಾಯರ್ ಸಾಹೇಬ್ರಿಗೆ ನೀನು ಬೇಡ್ವಂತೆ?"

"ಮೇಡಂ... ಇವರ ವಾದ ತಪ್ಪು!" ಎಂದಳು ಅವಳು. "ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಾಗ ಬಹಳಷ್ಟು ಜನ ಬಂಡಾಯಗಾರರನ್ನೇ ಬೈದ್ರು. ಜನರ ಮನಸ್ಸು ತಿರುಗಿದ್ದು ಬ್ರಿಟಿಷ್ ಸರ್ಕಾರ ಆ ನಾಯಕರನ್ನ ಗುಂಡಿಟ್ಟು ಕೊಂದ ಮೇಲೆ."

ಅವನು ಗರ್ರನೆ ತಿರುಗಿದ. "ಸರ್ಕಾರದ ಗುಂಡೂ ಗುಂಡೇ ಕಣ್ರೀ! ಅದು ಹಿಂಸೆ ಅಲ್ವಾ?"

"ಹಿಂಸೆನೇ. ಆದ್ರೆ ಸತ್ತವರಿಗೋಸ್ಕರ ಅಳೋಕೆ, ಇವರು ನಮ್ಮೋರು ಅನ್ನೋದು ಒಳಗೆ ಮೊದಲೇ ಇರಬೇಕಲ್ವಾ? ಅದನ್ನ ಬಂದೂಕು ಹುಟ್ಟಿಸಲಿಲ್ಲ. ಅವರದೇ ಭಾಷೆ, ಅವರದೇ ಆಟ, ಚುನಾವಣೆ... ಇವೆಲ್ಲ ಎಷ್ಟೋ ವರ್ಷದಿಂದ ಬೆಳೆಸಿದ್ವು."

ಲಾಯರ್ ಹುಬ್ಬೇರಿಸಿದ.

"ಇಬ್ರೂ ಹೊರಗೆ ಹೋಗಿ ಕಿತ್ತಾಡಿ," ಎಂದರು ಮೇಡಂ, ನಗು ಅಡಗಿಸುತ್ತ. "ಜೋಡಿ ಬದಲಾಗಲ್ಲ."

ಕಾರಿಡಾರಿನ ಕಿಟಕಿಯ ಬಳಿ ಅವನು ನಿಂತ. ಸಿಟ್ಟು ಎಲ್ಲೋ ಇಳಿದುಹೋಗಿತ್ತು.

"ಇಷ್ಟು ಚೆನ್ನಾಗಿರೋದನ್ನ ಯಾಕ್ರೀ ಒರೆಸಿದ್ರಿ?"

"ನೀವು ಸೋಲೋದನ್ನ ನೋಡೋಕಾಗಲ್ಲ ಅಂತ..."

"ನಾನು ಸೋತ್ರೆ ನಿಮಗೇನು?" ಅವನ ದನಿ ತೀರ ಮೆತ್ತಗಾಯಿತು. "ಹೇಳಿ. ಇದನ್ನೂ ಒರೆಸಿಬಿಡಬೇಡಿ."

ಸುಣ್ಣದ ಪುಡಿ ಹತ್ತಿದ ಕೈಗಳನ್ನು ಅವಳು ಬಿಗಿಹಿಡಿದಳು. ಈ ಸಲ ತಲೆ ತಗ್ಗಿಸಲಿಲ್ಲ.

"ನಿಮ್ಮನ್ನ ಪ್ರೀತಿಸ್ತೀನಿ. ಆದ್ರೆ... ನಿಮ್ಮ ವಾದ ಮಾತ್ರ ತಪ್ಪೇ!"