ಪಟ್ಟಿಯ ಕೊನೇ ಸಾಲು

"ಅಯ್ಯೋ, ಅದನ್ನ ಅಳಿಸಬೇಡ್ರೀ!"

ಲ್ಯಾಬಿನ ಬಾಗಿಲಿಂದ ಓಡಿಬಂದವನು ಮೈತ್ರೇಯಿಯ ಕೈ ಹಿಡಿದೇಬಿಟ್ಟ. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ಕನ್ನಡ! ಸಂಶೋಧನೆಗೆಂದು ದೆಹಲಿಗೆ ಬಂದ ಆರು ತಿಂಗಳಲ್ಲಿ ಆ ಲ್ಯಾಬಿನಲ್ಲಿ ಅವಳು ಕೇಳಿದ ಮೊದಲ ಕನ್ನಡ ಅದು.

"ಹಳೇ ಕರ್ನಲ್ ಇರಲಿ, ಲಿನಕ್ಸ್ ತಂತ್ರಾಂಶದ ತಿರುಳೇ ಅದು. ಹೊಸದು ಕೈಕೊಟ್ಟ ದಿನ ಕಂಪ್ಯೂಟರ್ ಎಬ್ಬಿಸೋದು ಅದೇ," ಎಂದ, ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಚಿದಂಬರ.

"ಮೊದಲು ಕೈ ಬಿಡಿ."

ಬಿಡದಿದ್ದರೂ ಅವಳಿಗೆ ಬೇಸರವಿರಲಿಲ್ಲ, ಅದು ಬೇರೆ ಮಾತು!

ವರ್ಷ ಕಳೆಯುವಷ್ಟರಲ್ಲಿ 'ರೀ' ಹೋಗಿ 'ಕಣೋ' ಬಂದಿತ್ತು. ಒಂದು ಶುಕ್ರವಾರ ಅವನೆಂದ, "ಕಂಪ್ಯೂಟರ್ ಆನ್ ಮಾಡಿದಾಗ ಬರೋ ಕರ್ನಲ್ ಪಟ್ಟೀಲಿ ಕೊನೇ ಸಾಲು ಓದು, ಆ ಹಳೇದರದ್ದು. ಮರೀಬೇಡ."

ಮರೆತಳು. ಪಟ್ಟಿ ನಿಲ್ಲುವುದೇ ಮೂರು ಸೆಕೆಂಡು. ಆನ್ ಮಾಡಿ ಚಹಾಕ್ಕೆ ಎದ್ದುಹೋಗುವುದು ಅವಳ ಅಭ್ಯಾಸ.

ಸೋಮವಾರ ಅವನು ಕೇಳಿದ, "ಓದಿದೆಯಾ?"

"ಓದಿದೆ ಕಣೋ!" ಸುಳ್ಳು ಸಲೀಸಾಗಿ ಬಂತು. "ಆ ಹಳೇದೆಲ್ಲ ನನಗ್ಯಾಕೆ? ಅಳಿಸಿಬಿಡ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನ ಮುಖ ಬಾಡಿತು.

"ಅಚ್ಛಾ..." ಅಂದ, ಅಷ್ಟೇ.

ತಿಂಗಳೊಳಗೆ ದೆಹಲಿಯಾಚೆ ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಕೆಲಸ ಹಿಡಿದು ಹೊರಟೇಹೋದ. 'ಒಂದು ಮಾತೂ ಹೇಳಲಿಲ್ಲವಲ್ಲ!' ಎಂದು ಅವಳು ತಾನಿದ್ದ ಕಿದ್ವಾಯಿ ನಗರದ ಚಿಕ್ಕಪ್ಪನ ಮನೆಯಲ್ಲಿ ಅತ್ತಳು. ಆಮೇಲೆ ಹಟ ಹಿಡಿದು ಫೋನೂ ಮಾಡಲಿಲ್ಲ.

ಎರಡು ವರ್ಷದ ಮೇಲೆ, ಪ್ರಬಂಧ ಒಪ್ಪಿಸುವ ವಾರವೇ, ಹೊಸ ಕರ್ನಲ್ ಕೈಕೊಟ್ಟಿತು. ಪರದೆ ಕಪ್ಪು! ಅವನ ಮಾತು ನೆನಪಾಗಿ ಮತ್ತೆ ಆನ್ ಮಾಡಿದಳು. ಬಾಣದ ಕೀ ಒತ್ತುತ್ತ ಪಟ್ಟಿಯ ಬುಡಕ್ಕೆ ಬಂದಳು. ಸೋಮಾರಿತನಕ್ಕೆ ಅವಳು ಅಳಿಸದೆ ಬಿಟ್ಟಿದ್ದ ಹಳೇ ಕರ್ನಲ್ ಅಲ್ಲೇ ಇತ್ತು. ಅದರ ಹೆಸರಿನ ಜಾಗದಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಅವನು ಬರೆದ ಕನ್ನಡ:

'ಮೈತ್ರೇಯಿ, ನನ್ನ ಮದುವೆ ಆಗ್ತೀಯಾ? ಬೇಡ ಅಂದ್ರೆ ಈ ಸಾಲು ಅಳಿಸಿಬಿಡು.'

ದೇವರೇ... ಒಂದು ಸುಳ್ಳಿಗೆ ಎರಡು ವರ್ಷ!

ಕೂಡಲೇ ಫೋನ್ ಮಾಡಿದಳು.

"ಚಿದಂಬರ... ಅವತ್ತು ನಾನು ಓದಿರ್ಲಿಲ್ಲ ಕಣೋ. ಸುಳ್ಳು ಹೇಳಿದ್ದೆ. ಈಗ ಓದಿದೆ."

ಅವನು ಉತ್ತರಿಸುವ ಮೊದಲೇ ಅವಳು ಕೇಳಿಬಿಟ್ಟಳು.

"ನಿನಗೆ... ಮದುವೆ ಆಯ್ತಾ?"

"ಇಲ್ಲ. ಬಾಯಿಬಿಟ್ಟು ಕೇಳಬೇಕಿತ್ತು ನಾನು. ಹೆದರಿ ಪಟ್ಟೀಲಿ ಬಚ್ಚಿಟ್ಟೆ..." ಎಂದ ಅವನು. "ಆ ಸಾಲು ಇನ್ನೂ ಇದೆಯಾ?"

"ಇದೆ."

"ಅಳಿಸಬೇಡ್ರೀ."

ಅವಳು ಅಳುತ್ತಲೇ ನಕ್ಕಳು. "ಅಳಿಸಲ್ಲ. ನೀನೇ ಬಂದು ಬಾಯಲ್ಲಿ ಕೇಳು. ಅಲ್ಲೀವರೆಗೂ ಇದರ ಮುಂದಿಂದ ಏಳಲ್ಲ."

"ಚಹಾಕ್ಕೂ?"

"ಚಹಾಕ್ಕೂ."