ಅರ್ಧ ಹೀಟ್ ಪ್ರೆಸ್

ಫುಟ್‌ಬಾಲ್ ಕೋಚ್ ಶಿಳ್ಳೆ ಹೊಡೆದರೆ ಆಕಾಶದಲ್ಲಿ ಹೋಗುವ ವಿಮಾನವೂ ಗಕ್ಕನೆ ನಿಂತು, ‘ಫೌಲಾ ಸಾರ್?’ ಎಂದು ಕೇಳಿಕೊಂಡು ಮುಂದೆ ಹೋಗುತ್ತಿತ್ತು. ನಂಬದವರು ವಿಮಾನವನ್ನೇ ಕೇಳಬಹುದು. ಅಂಥ ಗಂಡಸಿನ ಉಸಿರು, ಹಳೇ ಮಷೀನುಗಳ ಅಂಗಡಿಯೊಂದರಲ್ಲಿ, ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ಟೈಲರ್ ಹುಡುಗಿಯ ಮುಂದೆ ಗಂಟಲಲ್ಲೇ ಸಿಕ್ಕಿಕೊಂಡಿತು.

ಅವನು ಬಂದದ್ದು ಹೀಟ್ ಪ್ರೆಸ್ ಕೊಳ್ಳಲು. ಬಟ್ಟೆಯ ಮೇಲೆ ಅಕ್ಷರವನ್ನೋ ಚಿತ್ರವನ್ನೋ ಬಿಸಿ ಕೊಟ್ಟು ಒತ್ತಿ ಅಂಟಿಸುವ ಯಂತ್ರ. ಅವನು ಆಟ ಕಲಿಸುವ ಮಕ್ಕಳ ಜೆರ್ಸಿಗೆ ಆಗೊಮ್ಮೆ ಈಗೊಮ್ಮೆ ನಂಬರ್ ಹಾಕಬೇಕಿತ್ತು, ಅಷ್ಟೇ. ಹೊಸದರ ಬೆಲೆ ಕೇಳಿದರೆ ಕರೆಂಟಿಲ್ಲದೆ ತಲೆ ಕಾಯುತ್ತಿತ್ತು. ಕೈಗೆಟಕುವಂಥದ್ದು ಅಲ್ಲಿದ್ದದ್ದು ಒಂದೇ ಒಂದು: ಕಪ್ಪನೆಯದು, ಮೊಸಳೆಯ ಹಾಗೆ ಬಾಯಿ ತೆರೆಯುವಂಥದ್ದು. ಅವನು ಅದರ ಹಿಡಿಗೆ ಕೈ ಹಾಕಿದ ಗಳಿಗೆಯಲ್ಲೇ ಇನ್ನೊಂದು ಕೈಯೂ ಬಂದು ಹಿಡಿಯಿತು.

“ಕೈ ತೆಗೀರಿ. ನಾನು ಮೊದಲು ನೋಡಿದ್ದು.”

“ಮೊದಲು ಮುಟ್ಟಿದ್ದು ನಾನು.”

“ಮುಟ್ಟಿದ್ದೆಲ್ಲ ನಿಮ್ಮದಾದ್ರೆ, ಬಸ್ಸಲ್ಲಿ ಕಂಬಿ ಹಿಡ್ಕೊಂಡಾಗ ಬಸ್ಸೂ ನಿಮ್ಮದೇನ್ರೀ?”

ಅವಳು ಕಣ್ಣೆತ್ತಿ ನೋಡಿದಳು. ಬಾಯಲ್ಲಿ ಜಗಳವಿತ್ತು, ಕಣ್ಣಂಚಿನಲ್ಲಿ ನಗು ಕಾದು ಕೂತಿತ್ತು. ಆ ನೋಟ ತಗುಲಿ, ಪ್ಲಗ್ ಕೂಡ ಹಾಕಿರದ ಮಷೀನು ಬಿಸಿಯಾಯಿತು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ಅಂಗಡಿಯವರು ಟೀ ಲೋಟ ಕೆಳಗಿಟ್ಟರು. “ಅಲ್ಲಮ್ಮ, ನಿನಗೆ ಇದು ಯಾತಕ್ಕೆ?”

“ಏಪ್ರನ್ ಹೊಲಿದು ಕೊಡ್ತೀನಲ್ಲ, ಕೆಲವರು ಅಂಗಡಿ ಹೆಸರೂ ಹಾಕಿಕೊಡಿ ಅಂತಾರೆ. ಯಾವಾಗಲೋ ಒಂದ್ಸಲ.”

“ಇವರಿಗೂ ಯಾವಾಗಲೋ ಒಂದ್ಸಲ. ಇಬ್ಬರೂ ಸೇರಿ ಅರ್ಧರ್ಧ ತಗೊಳ್ಳಿ, ನನ್ನ ತಲೆ ತಿನ್ನಬೇಡಿ.”

ಹಾಗೆ ಅವರಿಬ್ಬರೂ ತಲಾ ಅರ್ಧ ಮೊಸಳೆಯ ಒಡೆಯರಾದರು.

ಕೆಲಸ ಇದ್ದವರ ಮನೆಯಲ್ಲಿ ಮಷೀನು ಇರಬೇಕು ಎಂದು ಮಾತಾಗಿತ್ತು. ಆದರೆ ಅದು ಆನೆಮರಿಯಷ್ಟು ಭಾರ. ಅವನು ಅದನ್ನು ಅವಳ ಮಹಡಿಗೆ ಹೊತ್ತು ಹತ್ತಿದ ಠೀವಿಗೆ ಕೆಳಗಿನ ಮನೆಯವರು ಚಪ್ಪಾಳೆ ತಟ್ಟಿದರು. ನಡುನಡುವೆ ಅವನು ಮೆಟ್ಟಿಲ ಮೇಲೆ ಕೂತು ನೀರು ಕೇಳಿದ್ದನ್ನು ಬಿಟ್ಟುಬಿಡೋಣ. ಎರಡನೇ ಸಲ ಸಾಗಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಮಷೀನು ಅವಳ ಕೋಣೆಯಲ್ಲೇ ಉಳಿಯಿತು. ಜೆರ್ಸಿ ಹಿಡಿದುಕೊಂಡು ಅವನೇ ಬರತೊಡಗಿದ.

ಕಿಟಕಿಯ ಪಕ್ಕ ಹೊಲಿಗೆ ಮಷೀನು, ಗೋಡೆಗೆ ಸಾಲುಸಾಲು ದಾರದ ಉಂಡೆ, ಮೂಲೆಯಲ್ಲಿ ಕೂತು ಕಾಜಾ ಹೊಲಿಯುವ ಅವಳ ದೊಡ್ಡಮ್ಮ. ಮೊದಲ ಜೆರ್ಸಿ ಒತ್ತಿ ತೆಗೆದವನೇ ಅವನು ನಂಬರಿನ ಮೇಲಿದ್ದ ತೆಳು ಹಾಳೆ ಸುಲಿಯಲು ಕೈ ಹಾಕಿದ.

“ಆರಲಿ ಬಿಡ್ರೀ! ಬಿಸಿ ಇರೋವಾಗ ಎಳೆದ್ರೆ ನಂಬರ್ರೂ ಹಾಳೆ ಜೊತೆ ಬರುತ್ತೆ.”

ಬಂದೇಬಿಟ್ಟಿತು. ಇಂಗ್ಲಿಷ್ ಎಂಟರ ಮೇಲಿನ ಅರ್ಧ ಹಾಳೆಗೆ, ಕೆಳಗಿನ ಅರ್ಧ ಜೆರ್ಸಿಗೆ.

“ಪಾಪ, ಮಗು ಸೊನ್ನೆ ಹಾಕ್ಕೊಂಡೇ ಆಡಲಿ ಬಿಡಿ, ಕೋಚ್ ಸಾಹೇಬ್ರೆ.”

ಅಂದಿನಿಂದ ಅವನು ಕಾಯುವುದನ್ನು ಕಲಿತ. ಆರುವವರೆಗೆ ಬೇರೆ ಕೆಲಸವಿಲ್ಲ. ಅವಳು ಹಾಳೆಯ ಮೇಲೆ ಅಂಗೈ ಇಟ್ಟು, “ಇನ್ನೂ ಬಿಸಿ” ಎನ್ನುವಳು. ಅವನೂ ಇಟ್ಟು ನೋಡುವನು. ಅವಳ ಕಿರುಬೆರಳಿಗೂ ಅವನ ಕಿರುಬೆರಳಿಗೂ ನಡುವೆ ಒಂದೆಳೆ ದಾರದಷ್ಟು ಜಾಗ. ಇಬ್ಬರೂ ಜೆರ್ಸಿಯನ್ನೇ ನೋಡುತ್ತಿದ್ದರು. ಇಬ್ಬರಿಗೂ ಜೆರ್ಸಿ ಕಾಣುತ್ತಿರಲಿಲ್ಲ. ಹಾಳೆ ಆರುತ್ತಿತ್ತು. ಅವನು ಆರುತ್ತಿರಲಿಲ್ಲ.

ಆಗೊಮ್ಮೆ ಈಗೊಮ್ಮೆ ಎಂಬುದು ದಿನ ಬಿಟ್ಟು ದಿನವಾಯಿತು. ಅವನು ಬಂದಾಗೆಲ್ಲ ಅವಳಿಗೂ ಒತ್ತಲು ಒಂದೆರಡು ಏಪ್ರನ್ ಇರುತ್ತಿದ್ದವು. ಜೆರ್ಸಿ ಮುಗಿದ ಮೇಲೆ ಗೋಲ್‌ಕೀಪರನ ಟವೆಲು, ರೆಫರಿಯ ಕರ್ಚೀಫು, ಚೆಂಡು ಹಾಕುವ ಚೀಲ.

“ಇದೇನ್ರೀ, ಕಾಲುಚೀಲಕ್ಕೂ ನಂಬರಾ?”

“ಮಕ್ಕಳಿಗೆ ಎಡ ಯಾವ್ದು ಬಲ ಯಾವ್ದು ಗೊತ್ತಾಗಲ್ಲ.”

“ಕೋಚ್‌ಗೂ ಗೊತ್ತಾಗಲ್ಲ ಅನ್ಸುತ್ತೆ ಕಣೇ,” ಎಂದರು ದೊಡ್ಡಮ್ಮ, ಸೂಜಿಯಿಂದ ತಲೆ ಎತ್ತದೆ. “ಮನೆಗೆ ಹೋಗೋಕೆ ಹೊರಟು ದಿನಾ ಇಲ್ಲಿಗೇ ಬರ್ತಾರೆ.”

ಹೀಗಿರುವಾಗ ಒಂದು ಸಂಜೆ ಅವಳು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು:

“ಏಪ್ರನ್ ಆರ್ಡರ್ ಜಾಸ್ತಿ ಆಗ್ತಿದೆ. ಮಷೀನ್ ನಂಗೀಗ ದಿನಾ ಬೇಕು. ನಿಮ್ಮ ಅರ್ಧ ನಾನೇ ಕೊಂಡ್ಕೊಳ್ಲಾ?”

ಆ ಅರ್ಧ ಹೋದರೆ ಈ ಮೆಟ್ಟಿಲು ಹತ್ತಲು ಅವನಿಗೆ ಯಾವ ನೆಪ ಉಳಿಯುತ್ತದೆ? ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವಳ ಕೈಕೆಲಸ ಊರ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೆ ಅವನಿಗಿಂತ ಹೆಚ್ಚು ಖುಷಿಪಟ್ಟವರು ಯಾರೂ ಇರಲಿಲ್ಲ.

ಆಗ ಅವನು ಎದ್ದು ನಿಂತ. ಎದೆಯುಬ್ಬಿಸಿದ. ಗೋಡೆಯ ದಾರದ ಉಂಡೆಗಳೆಲ್ಲ ಉದುರುವಂಥ ಗುಡುಗುದನಿಯಲ್ಲಿ, “ಎಲೈ ಸುಂದರಿ! ಯಂತ್ರದ ಅರ್ಧವಷ್ಟೇ ಏಕೆ, ನನ್ನ ಬಾಳಿನ ಅರ್ಧವನ್ನೂ ಇಂದೇ ನಿನ್ನ ಪಾದಕ್ಕೆ...” ಎಂದು ಆರಂಭಿಸಿದ. ಮಾತು ಮುಗಿಯುವಷ್ಟರಲ್ಲಿ ದೊಡ್ಡಮ್ಮನ ಸೆರಗು ಒದ್ದೆ, ಬೀದಿ ತುಂಬ ಜನ, ಅವರ ಕಣ್ಣಲ್ಲೆಲ್ಲ...

“ನಿಲ್ಲಿಸ್ರೀ!”

ಇದನ್ನು ಬರೆಯುತ್ತಿರುವ ನನ್ನ ಬೆನ್ನ ಹಿಂದೆ ಅವಳು ನಿಂತು ಓದುತ್ತಿದ್ದಾಳೆ. ಹಲ್ಲಲ್ಲಿ ಕಚ್ಚಿದ ದಾರ ಹಾಗೇ ಇದೆ.

“ಎಲೈ ಸುಂದರಿನಾ? ಯಾರು, ಯಾವಾಗ ಅಂದಿದ್ದು? ನೆಟ್ಟಗೆ ನಿಜ ಬರೀರಿ. ಇಲ್ದಿದ್ರೆ ಕೊಡಿ ಪೆನ್ನು, ನಾನೇ ಬರೀತೀನಿ.”

ಸಿಕ್ಕಿಬಿದ್ದೆ. ಆ ಕೋಚ್ ನಾನೇ. ಭಾಷಣ ಗೀಷಣ ಏನೂ ಮಾಡಲಿಲ್ಲ. “ಸರಿ ರೀ, ತಗೊಳ್ಳಿ” ಎಂದವನೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಬಿದ್ದೆ. ಅರ್ಧ ಮೆಟ್ಟಿಲು ಇಳಿದಿದ್ದೆ. ಮೇಲಿನಿಂದ ಅವಳ ದನಿ ಬಂತು.

“ಮಷೀನ್ ಬಿಟ್ಟುಕೊಡಿ ಅಂದೆ. ಬರೋದು ಬಿಡಿ ಅಂದ್ನಾ?”

ನಾನು ತಲೆಯೆತ್ತಿದೆ. ಅವಳು ಕಂಬಿ ಹಿಡಿದು ಬಗ್ಗಿದ್ದಳು. ಮುಖ ಕೆಂಪಾಗಿತ್ತು. ಮಷೀನಿನ ಬಿಸಿಗಲ್ಲ.

“ನೆಪ ಹುಡುಕಿ ಹುಡುಕಿ ನಂಗೂ ಸುಸ್ತಾಯ್ತು. ಮೊದಮೊದಲು ನೀವು ಬಂದಾಗೆಲ್ಲ ಒತ್ತುತ್ತಿದ್ನಲ್ಲ ಏಪ್ರನ್, ಅವನ್ನ ಯಾರೂ ಕೇಳಿರಲಿಲ್ಲ. ನೀವಾಗಿ ಹೇಳ್ತೀರಿ ಅಂತ ಕಾದೆ. ನೀವು ಹೇಳಲ್ಲ. ನಾನೇ ಕೇಳ್ತೀನಿ. ಮದುವೆ ಆಗೋಣ್ವಾ?”

ಮೈದಾನದ ಆ ತುದಿಗೆ ಕೇಳುವಂತೆ ಕೂಗುವ ಗಂಟಲು ನನ್ನದು. ಹೂಂ ಎಂದರೆ ಸಾಕಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಕಣ್ಣಲ್ಲಿ ನೀರು ತುಂಬಿ ಅವಳ ಮುಖ ಕದಡಿತು. ಬಾಯಿಂದ ಬಂದದ್ದು ಒಂದೇ ಮಾತು:

“ಥ್ಯಾಂಕ್ಸ್ ರೀ.”