ಎಡಗೈಗೆ ಸಿಕ್ಕ ಬಟನ್

ಫೆಬ್ರವರಿ ಹದಿನಾರು, ಭಾನುವಾರ. ಮಧ್ಯಾಹ್ನ ಮೂರೂಕಾಲಿಗೆ ತುಮಕೂರು ನಗರದ ಠಾಣೆಗೆ ಸಂಗಮೇಶ್ ಏದುಸಿರು ಬಿಡುತ್ತಾ ಬಂದ. ಸದಾಶಿವನಗರದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಮನುಷ್ಯ. ಕುಣಿಗಲ್ ರಸ್ತೆಯ ಕಲ್ಯಾಣ ಮಂಟಪದಲ್ಲಿ ಧಾರೆ ಮುಗಿಸಿ, ಬ್ಯಾಗನ್ನು ಕುರ್ಚಿ ಮೇಲಿಟ್ಟು ಕೈ ತೊಳೆಯಲು ಹೋಗಿದ್ದನಂತೆ. ವಾಪಸ್ ಬಂದಾಗ ಕ್ಯಾಮೆರಾ ಇಲ್ಲ.

"ಎಷ್ಟು ಹೊತ್ತಿಗೆ?" ಇನ್ಸ್‌ಪೆಕ್ಟರ್ ಶ್ರೀರಂಜನಿ ಕೇಳಿದರು.

"ಒಂದೂವರೆ ಮೇಡಂ."

"ಬ್ಯಾಗಲ್ಲಿ ಏನೇನಿತ್ತು?"

"ಎರಡು ಮಿರರ್‌ಲೆಸ್ ಕ್ಯಾಮೆರಾ. ಒಂದು ಹೊಸದು, ಎರಡೂವರೆ ಲಕ್ಷದ್ದು. ಇನ್ನೊಂದು ಹಳೇದು. ಹೋಗಿರೋದು ಹಳೇದು."

ಹೆಡ್ ಕಾನ್‌ಸ್ಟೆಬಲ್ ಚಿಕ್ಕಮಾರಯ್ಯ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. "ಹೊಸದು ಬುಟ್ಟು ಹಳೇದು ಎತ್ಕೊಂಡ್ಹೋದ್ನಾ? ಇವ್ನೆಂಥಾ ಕಳ್ಳನಪ್ಪಾ!"

"ನಂಗೂ ಅದೇ ಅರ್ಥ ಆಗ್ತಿಲ್ಲ ಸಾರ್. ಮೆಮೊರಿ ಕಾರ್ಡ್ ಬೇರೆ ತೆಗೆದು, ಕರ್ಚೀಪಲ್ಲಿ ಸುತ್ತಿ, ಕುರ್ಚಿ ಮೇಲಿಟ್ಟು ಹೋಗವ್ನೆ. ಧಾರೆ ಫೋಟೊ ಒಂದೂ ಹೋಗಿಲ್ಲ."

ಶ್ರೀರಂಜನಿ ಮುಂದಕ್ಕೆ ಬಾಗಿದರು. ಧಾರೆ ಫೋಟೊ ಕಳೆದರೆ ಮದುವೆ ಮನೆಯವರು ಏನಾಗುತ್ತಾರೆ ಅಂತ ಗೊತ್ತಿರೋದು ಫೋಟೊ ತೆಗೆಯುವವನಿಗೆ ಮಾತ್ರ. ಅಂದಮೇಲೆ ಕದ್ದವನೂ ಅದೇ ಕಸುಬಿನವನು. ಹಾಗಿದ್ದೂ ಹಳೇದನ್ನೇ ಯಾಕೆ ಎತ್ತಿದ?

"ಹೊಸದರಲ್ಲಿ ಇಲ್ಲದ್ದು ಹಳೇದರಲ್ಲಿ ಏನಿತ್ತು?"

"ಏನಿದೆ ಮೇಡಂ, ಒಂದು ಬ್ಯಾಟರಿ ಗ್ರಿಪ್ ಇತ್ತು ಅಷ್ಟೇ. ಕ್ಯಾಮೆರಾ ತಳಕ್ಕೆ ತಿರುಪಿನಲ್ಲಿ ಕೂರಿಸೋದು. ಎರಡು ಬ್ಯಾಟರಿ ಹಿಡಿಯುತ್ತೆ, ಕ್ಯಾಮೆರಾ ಅಡ್ಡ ತಿರುಗಿಸಿದಾಗ ಒತ್ತೋಕೆ ಅದ್ರಲ್ಲೂ ಒಂದು ಬಟನ್ ಇರುತ್ತೆ. ಕ್ಯಾಮೆರಾ ಕಂಪನಿಯವರದ್ದೇ ಬೇಕು ಅಂದ್ರೆ ಇಪ್ಪತ್ತೈದು ಸಾವಿರ, ಯಾರ್ ಕೊಡ್ತಾರೆ? ಇದು ಬೇರೆಯವರು ಮಾಡಿರೋದು, ಮೂರೂವರೆ ಸಾವಿರ. ಆದ್ರೂ ಬಟನ್ ಬೆಣ್ಣೆ ಥರ."

ನಾಲ್ಕು ಹತ್ತಕ್ಕೆ ಎಫ್‌ಐಆರ್ ಆಯಿತು, ಭಾರತೀಯ ನ್ಯಾಯ ಸಂಹಿತೆ ಕಲಂ 303(2). ಐದಕ್ಕೆ ಮಂಟಪದಲ್ಲಿ ಪಂಚನಾಮೆ. ಅಡುಗೆ ಭಟ್ಟರಿಬ್ಬರು ಪಂಚರಾಗಿ ಸಹಿ ಹಾಕಿದರು, ಪಾಪ, ಕೈಯಲ್ಲಿದ್ದ ಜಿಡ್ಡು ಕಾಗದಕ್ಕೂ ಅಂಟಿತು.

ಸೋಮವಾರ ಬೆಳಿಗ್ಗೆ ಸಿಸಿಟಿವಿ ನೋಡಿದರು. ಒಂದು ಮೂವತ್ತನಾಲ್ಕಕ್ಕೆ ಬಿಳಿ ಶರ್ಟು, ಪಂಚೆ ಉಟ್ಟ ಮನುಷ್ಯನೊಬ್ಬ ಎಡಗೈಯಲ್ಲಿ ಕ್ಯಾಮೆರಾ ಎದೆಗೊತ್ತಿಕೊಂಡು ಬಾಗಿಲು ದಾಟಿದ. ಬಲಗೈ ಶರ್ಟಿನ ಪಕ್ಕದ ಜೇಬಿನಿಂದ ಈಚೆಗೆ ಬರಲೇ ಇಲ್ಲ. ಮುಖ ಕಾಣಲಿಲ್ಲ.

"ಮದ್ವೆ ಮನೇಲಿ ಬಿಳಿ ಶರ್ಟಿನವ್ನ ಹುಡ್ಕಿ ಅಂದ್ರೆ ಯಾರ್‍ನ ಅಂತ ಹುಡ್ಕೋದು ಮೇಡಂ?" ಚಿಕ್ಕಮಾರಯ್ಯ ಗೊಣಗಿದ. "ಇಡೀ ಮಂಟಪಾನೆ ಅರೆಸ್ಟ್ ಮಾಡ್ಬೇಕಾಯ್ತದೆ."

"ಶರ್ಟು ಬಿಡಿ. ಗ್ರಿಪ್ ಹುಡುಕೋಣ."

ಮಂಗಳವಾರ ಹನ್ನೊಂದಕ್ಕೆ, ಸಂಗಮೇಶ್ ಕೊಟ್ಟ ಬಿಲ್ ಹಿಡಿದು ಆ ಗ್ರಿಪ್ ಮಾರಿದ ಅಂಗಡಿಗೆ ಹೋದರು. ಮಾಲೀಕ ಕೃಷ್ಣಕುಮಾರ್ ಬಿಲ್ ನೋಡುತ್ತಲೇ ನಕ್ಕ. "ಅಯ್ಯೋ, ಈ ಪೀಸಾ! ಇದಕ್ಕೋಸ್ಕರ ಒಬ್ಬರು ಮೂರು ತಿಂಗಳು ಅಲೆದ್ರು ಮೇಡಂ."

"ಯಾರು?"

"ವಯಸ್ಸಾದವರು. ಬಲಗೈ ಸ್ವಾಧೀನ ಇಲ್ಲ. ವಾರಕ್ಕೊಂದ್ಸಲ ಬರೋರು. ಬೇರೆ ಗಿರಾಕಿಗಳು ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಅಲ್ಲಾಡುತ್ತಾ, ಗ್ಯಾರಂಟಿ ಇದೆಯಾ ಅಂತ ತಲೆ ತಿಂತಾರೆ. ಇವರು ಏನೂ ಕೇಳ್ತಿರಲಿಲ್ಲ. ಗ್ರಿಪ್ಪನ್ನ ನಮ್ ಕ್ಯಾಮೆರಾಗೆ ಹಾಕಿಸಿ, ತಲೆಕೆಳಗು ಮಾಡಿ ಹಿಡಿಯೋರು."

"ತಲೆಕೆಳಗಾ?"

ಕೃಷ್ಣಕುಮಾರ್ ಒಂದು ಕ್ಯಾಮೆರಾ ತಿರುಗಿಸಿ ತೋರಿಸಿದ. ತಳ ಮೇಲೆ ಬಂತು. ಬಲಗಡೆ ಇದ್ದ ಗ್ರಿಪ್ಪಿನ ಬಟನ್ ಎಡಗೈ ತೋರುಬೆರಳಿಗೆ ಸಿಕ್ಕಿತು. "ಹಿಂಗೆ. ಐದಾರು ಕಂಪನೀದು ನೋಡಿದ್ರು. ಒಂದರ ಬಟನ್ ಗಟ್ಟಿ, ಒಂದು ಒತ್ತಿದ ಮೇಲೆ ತಡವಾಗಿ ಹೊಡೆಯುತ್ತೆ, ಇನ್ನೊಂದು ತೀರಾ ಒಳಗಿದೆ. ಇದೊಂದು ಒಪ್ಪಿಗೆಯಾಯ್ತು. 'ಇದ್ರಲ್ಲಾದ್ರೆ ಇನ್ನೊಂದೇ ಒಂದು ಧಾರೆ ಹಿಡೀತೀನಿ ಕೃಷ್ಣಪ್ಪ' ಅಂತ ಕುಣಿದಾಡಿಬಿಟ್ರು. ದುಡ್ಡು ತರೋಕೆ ಹೋದ್ರು. ಅಷ್ಟರಲ್ಲಿ ಸಂಗಮೇಶ್ ತಗೊಂಡ್ಹೋದ. ಅದೇ ಕೊನೇ ಪೀಸು."

"ಅವರ ಹತ್ರ ಕ್ಯಾಮೆರಾ ಇತ್ತಾ?"

ಕೃಷ್ಣಕುಮಾರನ ನಗು ನಿಂತಿತು. "ಇಲ್ಲ ಮೇಡಂ. ಅದನ್ನ ಆಮೇಲೆ ನೋಡಿದ್ರಾಯ್ತು ಅನ್ನೋರು."

ಇಲ್ಲದ ಕ್ಯಾಮೆರಾಕ್ಕೆ ಮೂರು ತಿಂಗಳು ಗ್ರಿಪ್ ಆರಿಸಿದ ಮನುಷ್ಯ! ಮತ್ತೆ ಅದೇ ಮಾಲು ಬಂದರೆ ಫೋನ್ ಮಾಡಿ ಅಂತ ಅವರು ಬರೆಸಿದ್ದ ಹೆಸರು, ಊರು, ನಂಬರು ಅಂಗಡಿಯಲ್ಲಿತ್ತು. ಪುಟ್ಟರಂಗಯ್ಯ, ನಿಟ್ಟೂರು.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಜೀಪು ನಿಟ್ಟೂರು ತಲುಪಿತು. ಪುಟ್ಟರಂಗಯ್ಯನ ಹೆಂಡತಿ ಹನುಮಕ್ಕ ಬಾಗಿಲಲ್ಲೇ ಸಿಕ್ಕಿದಳು.

"ಯಜಮಾನ್ರು ಎಲ್ಲಮ್ಮ?"

"ಗುಬ್ಬಿ ಹತ್ರ ನಮ್ ನೆಂಟ್ರ ಮನೇಲಿ ಮದ್ವೆ. ಫೋಟೊ ನಾನೇ ತೆಗೀತೀನಿ ಅಂತ ಹೋಗವ್ರೆ." ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು. "ಲಕ್ವ ಹೊಡ್ದು ನಾಕು ವರ್ಷ ಆಯ್ತು, ಇವತ್ತೇ ಕಣವ್ವ ಸಿಳ್ಳೆ ಹಾಕ್ಕೊಂಡು ಮನೆ ಬಿಟ್ಟಿದ್ದು. ಯಾರೋ ತುಮಕೂರ್‍ನವ್ರು ಕ್ಯಾಮೆರಾ ಕೊಟ್ಟವ್ರಂತೆ, ಅವ್ರ ಹೊಟ್ಟೆ ತಣ್ಣಗಿರ್‍ಲಿ."

ಶ್ರೀರಂಜನಿ ಮದುವೆ ಮನೆಯ ವಿಳಾಸವನ್ನಷ್ಟೇ ಕೇಳಿಕೊಂಡು ಜೀಪು ಹತ್ತಿದರು.

ಹತ್ತು ಐವತ್ತಕ್ಕೆ ಚಪ್ಪರದ ಹತ್ತಿರ ಜೀಪು ನಿಂತಿತು. ಮನೆ ಮುಂದಿನ ಸಣ್ಣ ಮದುವೆ, ನೂರು ಜನವಿದ್ದರೆ ಹೆಚ್ಚು. ಮಣೆಯ ಎದುರಿಗೇ ಪುಟ್ಟರಂಗಯ್ಯ ನಿಂತಿದ್ದ. ಕ್ಯಾಮೆರಾ ತಲೆಕೆಳಗು, ಗ್ರಿಪ್ ಹಣೆಗೆ ತಾಗಿಕೊಂಡಿತ್ತು, ಎಡಗೈ ಬೆರಳು ಬಟನ್ ಮೇಲೆ. ಬಿದ್ದುಹೋದ ಬಲಗೈಯನ್ನು ಲೆನ್ಸಿನ ಕೆಳಗೆ ಊರುಗೋಲು ಕೊಟ್ಟ ಹಾಗೆ ಕೊಟ್ಟಿದ್ದ.

"ಏನ್ ಪುಟ್ರಂಗಣ್ಣ, ಹೆಣ್ಣು ಗಂಡಿಬ್ರನ್ನೂ ಬಾವಲಿ ಥರ ನೇತಾಕ್ತೀಯಾ?" ಯಾರೋ ರೇಗಿಸಿದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವನಿಗೆ ಅದ್ಯಾವುದೂ ಕೇಳಿಸಲಿಲ್ಲ.

ಚಿಕ್ಕಮಾರಯ್ಯ ಟೋಪಿ ಸರಿಮಾಡಿಕೊಂಡು ಮುಂದಡಿಯಿಟ್ಟ.

"ನಿಲ್ಲಿ," ಅಂದರು ಶ್ರೀರಂಜನಿ. "ತಾಳಿ ಆಗ್ಲಿ."

"ಓಡೋದ್ರೆ ಮೇಡಂ?"

"ಅವರು ಈಗ ಎಲ್ಲಿಗೆ ಓಡ್ತಾರ್‍ರೀ?"

ಐನೋರು ಕೈಯೆತ್ತಿ ಗಟ್ಟಿಮೇಳ ಅಂದರು. ವಾಲಗ ಜೋರಾಯಿತು. ಅದೇ ಹೊತ್ತಿಗೆ ಪುಟ್ಟರಂಗಯ್ಯನ ಕ್ಯಾಮೆರಾದ ಕಣ್ಣಿಗೆ ಮದುಮಕ್ಕಳ ಹಿಂದೆ ನಿಂತಿದ್ದ ಖಾಕಿಯೂ ಬಿದ್ದಿರಬೇಕು. ಆದರೂ ಕ್ಯಾಮೆರಾ ಇಳಿಸಲಿಲ್ಲ, ಬಟನ್ ಒತ್ತಿದ, ಒತ್ತುತ್ತಲೇ ಇದ್ದ.

ಹನ್ನೊಂದು ಇಪ್ಪತ್ತೈದಕ್ಕೆ ತಾನೇ ಜೀಪಿನ ಹತ್ತಿರ ಬಂದ. "ಸಂಗಮೇಶಂದು. ಏನೂ ಡ್ಯಾಮೇಜ್ ಆಗಿಲ್ಲ, ನೋಡ್ಕೊಳಿ," ಅಂತ ಕ್ಯಾಮೆರಾ ನೀಡಿದ. ಇಬ್ಬರು ಪಂಚರ ಸಮಕ್ಷಮ ಅದನ್ನು ಜಪ್ತಿ ಮಾಡಿ, ದಸ್ತಗಿರಿ ಮಾಡಿರುವುದಾಗಿ ಹೇಳಿ, ಹನುಮಕ್ಕನಿಗೆ ಫೋನಿನಲ್ಲಿ ತಿಳಿಸಿದರು.

ಠಾಣೆಯಲ್ಲಿ ಹೇಳಿಕೆ ಶುರುವಾದದ್ದು ಮಧ್ಯಾಹ್ನ ಒಂದಕ್ಕೆ.

"ಯಾಕೆ ಕದ್ರಿ?"

"ಮೂವತ್ನಾಲ್ಕು ವರ್ಷ ಮದುವೆ ತೆಗ್ದಿದೀನಿ ಮೇಡಂ. ಕೈ ಹೋದ್ಮೇಲೆ ಬರೀ ಊಟಕ್ಕೆ ಕರೆಯೋರು. ಗಟ್ಟಿಮೇಳ ಅಂದ ತಕ್ಷಣ, ಸತ್ತಿರೋ ಬೆರಳೂ ಒತ್ತಿದಂಗಾಗುತ್ತೆ. ನೋಡಿದ್ರೆ ಕೈಯಲ್ಲಿ ಏನೂ ಇರಲ್ಲ. ಅಲ್ಲಿ ನಿಲ್ಲೋಕಾಗದೆ ಆಚೆ ಬಂದು ಅತ್ಬಿಡ್ತಿದ್ದೆ."

"ಸಂಗಮೇಶ್‌ನ ಕೇಳಬಹುದಿತ್ತಲ್ಲ?"

"ಕೇಳ್ದೆ. ಹೋದ ತಿಂಗಳು ಒಂದು ಮದುವೇಲಿ. ಒಂದ್ಸಲ ಹಿಡ್ಕೊಂಡು ಕೊಡ್ತೀನಪ್ಪ ಅಂದೆ. ಬೀಳಿಸ್ತೀಯ ಬಿಡು ತಾತ ಅಂತ ನಗಾಡಿದ. ಅವನಿಗೆ ನಾನು ನೆನಪೂ ಇರಲ್ಲ."

ಚಿಕ್ಕಮಾರಯ್ಯ ಬರೆದುಕೊಂಡ. ಓದಿ ಹೇಳಿದ. ಎಡಗೈಯಲ್ಲಿ ಸೊಟ್ಟ ಸಹಿ ಬಿತ್ತು.

ಕ್ಯಾಮೆರಾಕ್ಕೆ ಪುಟ್ಟರಂಗಯ್ಯ ಹಾಕಿಕೊಂಡಿದ್ದ ಕಾರ್ಡನ್ನು ಸೀಲ್ ಮಾಡುವ ಮೊದಲು ಅದರಲ್ಲಿ ಏನಿದೆ ಅಂತ ನಮೂದಿಸಬೇಕಿತ್ತು. ಕ್ಯಾಮೆರಾದ ಪರದೆಯಲ್ಲೇ ನೋಡಿದರು. ನೂರ ಎಂಬತ್ತಮೂರು ಫೋಟೊ, ಎಲ್ಲವೂ ಬುಡಮೇಲು.

"ಮೇಡಂ," ಪುಟ್ಟರಂಗಯ್ಯ ಮೆಲ್ಲಗೆ ಕೇಳಿದ, "ತಾಳಿದು ಬಂದಿದೆಯಾ? ನಾನಿನ್ನೂ ನೋಡಿಲ್ಲ."

ಶ್ರೀರಂಜನಿ ಕ್ಯಾಮೆರಾ ತಲೆಕೆಳಗು ಮಾಡಿ ಅವನ ಮುಂದೆ ಹಿಡಿದರು. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದ. ಹುಡುಗಿಯ ಕೊರಳು, ಗಂಟು, ಗಂಟಿನಿಂದ ಆಗಲೇ ಈಚೆ ಬಂದಿದ್ದ ಗಂಡಿನ ಕೈ.

"ಚೆನ್ನಾಗೇ ಅದೆಯಲ್ಲ ಯಜಮಾನ್ರೇ," ಅಂದ ಚಿಕ್ಕಮಾರಯ್ಯ.

"ಇಲ್ಲ ಸಾರ್. ಲೇಟು. ಅರ್ಧ ಸೆಕೆಂಡು." ಪುಟ್ಟರಂಗಯ್ಯ ಎಡಗೈ ತೋರುಬೆರಳನ್ನು ಎರಡು ಸಲ ಮಡಿಸಿ ನೋಡಿಕೊಂಡ. "ಬಟನ್ ತಪ್ಪಲ್ಲ, ನಂದೇ. ಇನ್ನೂ ಅಭ್ಯಾಸ ಆಗ್ಬೇಕು."

ಮೂರು ಗಂಟೆಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಜೀಪು ಸಿದ್ಧವಾಯಿತು. ಬಾಗಿಲು ದಾಟುವಾಗ ಅವನು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತ. ಇವತ್ತಿನ ದಿನಾಂಕದ ಮೇಲೆ ಬೆರಳಿಟ್ಟು ಒಂದೊಂದೇ ಮನೆ ಮುಂದಕ್ಕೆ ಸರಿಸಿದ.

"ಏನ್ ನೋಡ್ತೀರಿ?" ಶ್ರೀರಂಜನಿ ಕೇಳಿದರು.

"ಮುಂದಿನ ಲಗ್ನ ಯಾವತ್ತಿದೆ ಅಂತ ಮೇಡಂ," ಅಂದ.